ಆ್ಯಪ್ ಹೇಳಿದ್ದು, ಹಾಳೆಯಲ್ಲಿ ಬಿದ್ದದ್ದು

ಹೊಡೆದದ್ದು ಎಷ್ಟು ದೂರದಲ್ಲಿ ಎಷ್ಟು ಕೆಳಗೆ ಬೀಳುತ್ತದೆ ಅಂತ ಲೆಕ್ಕ ಹಾಕುವ, ಬಿಟ್ಟಿ ಸಿಗುವ ಬ್ಯಾಲಿಸ್ಟಿಕ್ಸ್ ಆ್ಯಪ್ ನಂಬಬಹುದಾ ಅಂತ ಏರ್ ರೈಫಲ್ ಗೆಳೆಯರು ಕೇಳುತ್ತಲೇ ಇರುತ್ತಾರೆ. ಲೆಕ್ಕವನ್ನು ನಂಬಬಹುದು. ಒಂದೇ ಅಂಕಿಗಳನ್ನು ಚೇರ್‌ಗನ್ ಅನ್ನುವ ಆ್ಯಪ್‌ಗೂ ಜೆಬಿಎಂ ಅನ್ನುವ ವೆಬ್‌ಸೈಟಿಗೂ ಕೊಟ್ಟು ನೋಡಿದೆ. 50 ಮೀಟರ್‌ವರೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ತಕರಾರು ಇರುವುದು ನಾವು ತುಂಬುವ ಅಂಕಿಗಳಲ್ಲಿ.

ಎಲ್ಲಕ್ಕಿಂತ ಮೊದಲು ವೇಗ. ನನ್ನ .177 (ನಳಿಗೆಯ ಅಳತೆ, ಇಂಚಿನಲ್ಲಿ) ರೈಫಲಿನ ಡಬ್ಬಿ ಮೇಲೆ ಸೆಕೆಂಡಿಗೆ 300 ಮೀಟರ್ ಅಂತಿತ್ತು. ನಾನು ಹಾಕುವ ಪೆಲೆಟ್, ಅಂದರೆ ಏರ್ ರೈಫಲಿನ ಪುಟ್ಟ ಗುಂಡು, 8.44 ಗ್ರೇನ್, ಅಂದರೆ ಅರ್ಧ ಗ್ರಾಂಗಿಂತ ತುಸು ಜಾಸ್ತಿ. ಆ ತೂಕ ಆ ವೇಗದಲ್ಲಿ ಹೋದರೆ ಅದರ ಶಕ್ತಿ 24 ಜೂಲ್ ದಾಟುತ್ತದೆ. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಏರ್ ರೈಫಲಿಗೆ ಮಿತಿಯೇ 20 ಜೂಲ್! ಅಂದಮೇಲೆ ಡಬ್ಬಿಯ ವೇಗ ಹಗುರ ಪೆಲೆಟ್ಟಿನದು. ಗೆಳೆಯನ ಕ್ರೋನೋಗ್ರಾಫ್ (ವೇಗ ಅಳೆಯುವ ಯಂತ್ರ) ತಂದು ಅಳೆದೆ, 244ರ ಆಸುಪಾಸು ಬಂತು. 25 ಮೀಟರಿಗೆ ಝೀರೋ ಇಟ್ಟು, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿ, 50ರದ್ದು ಕೇಳಿದರೆ, 300 ಹಾಕಿದಾಗ ಪೆಲೆಟ್ 5 ಸೆಂ.ಮೀ. ಕೆಳಗೆ ಅನ್ನುತ್ತದೆ, 244 ಹಾಕಿದಾಗ ಹತ್ತಿರಹತ್ತಿರ 10. ಹಾಳೆ ಕಟ್ಟಿ ಹೊಡೆದೆ. ತೂತುಗಳು ಬಿದ್ದದ್ದು ಎರಡನೆಯ ಲೆಕ್ಕದ ಪಕ್ಕದಲ್ಲೇ.

ಸ್ಕೋಪಿನ (ಗುರಿ ನೋಡುವ ದುರ್ಬೀನು) ಎತ್ತರವನ್ನೂ ಅಳೆಯಬೇಕು, ಬ್ಯಾರೆಲ್ಲಿನ ನಡುವಿನಿಂದ ಸ್ಕೋಪಿನ ನಡುವಿನವರೆಗೆ. ಆ್ಯಪ್ ತಾನೇ ತುಂಬಿಟ್ಟ ಅಂಕಿ 3.8 ಸೆಂ.ಮೀ., ನನ್ನದು 4.5.

ಇನ್ನು ಗಾಳಿಯ ಒತ್ತಡ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಮೊಬೈಲಿನ ಹವಾಮಾನದಲ್ಲಿ ಕಾಣುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ನಮ್ಮಲ್ಲಿನ ನಿಜವಾದ ಒತ್ತಡ ಅದಕ್ಕಿಂತ 50 ಮಿಲಿಬಾರ್‌ನಷ್ಟು ಕಡಿಮೆ. ಆ್ಯಪ್ ಯಾವುದನ್ನು ಕೇಳುತ್ತಿದೆ ನೋಡಿಕೊಂಡು ತುಂಬಿ. ಆದರೆ ಏರ್ ರೈಫಲಿನವರು ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಸುಮ್ನೆ. ಮೇ ತಿಂಗಳ 42 ಡಿಗ್ರಿಯಲ್ಲಿ ನಮ್ಮ ಗಾಳಿ ಆ್ಯಪ್ ಹಿಡಿಯುವ 15 ಡಿಗ್ರಿಯ ಸಮುದ್ರಮಟ್ಟದ ಗಾಳಿಗಿಂತ ಶೇಕಡಾ 13ರಷ್ಟು ತೆಳು, ನಿಜ. 50 ಮೀಟರಿನಲ್ಲಿ ಅದರಿಂದಾಗುವ ಫರಕು ಅರ್ಧ ಸೆಂ.ಮೀ.! ಅಡ್ಡಗಾಳಿ ಗಂಟೆಗೆ 11 ಕಿ.ಮೀ. ಬೀಸಿದರೆ ಸಾಕು, ಪೆಲೆಟ್ 10 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ತೊಗರಿ ಕೊಯ್ದ ಬಯಲು ಹೊಲದಲ್ಲಿ ಅಷ್ಟು ಗಾಳಿಯನ್ನು ನಾವು ಗಾಳಿ ಅಂತಲೇ ಅನ್ನುವುದಿಲ್ಲ, ಅಲ್ವಾ? ಅದಕ್ಕೇ ನಾನು ಬೆಳಗಿನ ಹೊತ್ತಲ್ಲೇ ಹೊಡೆಯುವುದು.

ಒಂದು ಆ್ಯಪ್ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳಿತು. ಪೆಲೆಟ್ ಬೀಳುವ ಲೆಕ್ಕಕ್ಕೆ ನಮ್ಮ ಬೀಗರ ನಂಬರ್ ಯಾಕೆ? ತೆಗೆದುಹಾಕಿದೆ.

ಹೊಲ ಕಾಕಾನದು. ಅವರು ಒಂದೇ ಮಾತು ಕೇಳಿದರು: "ತಮ್ಮಾ, ಗುರಿ ತಪ್ಪಿದ್ರ ಎಲ್ಲಿ ತನಕ ಹೋಗ್ತದ ಅಂತ ನಿನ್ನ ಮೊಬೈಲ್ ಹೇಳ್ತದೇನು?" ನನ್ನ ಆ್ಯಪ್ ಅದನ್ನು ಹೇಳುವುದಿಲ್ಲ. ಆದರೆ 50 ಮೀಟರಿನಲ್ಲೂ ಪೆಲೆಟ್ಟಿನಲ್ಲಿ ಸುಮಾರು 9 ಜೂಲ್ ಉಳಿದಿರುತ್ತದೆ ಅಂತ ತೋರಿಸುತ್ತದೆ. ಕಣ್ಣು ಹೋಗಲು ಅಷ್ಟು ಬೇಕಾಗಿಯೇ ಇಲ್ಲ. ಗುರಿಯ ಹಿಂದೆ ನಿಲ್ಲಿಸಲು ನಮ್ಮ ಕಡೆ ಸುಲಭವಾಗಿ ಸಿಗುವುದು ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ. ಅದು ಮಾತ್ರ ಬೇಡ, ಪೆಲೆಟ್ ತಿರುಗಿ ಬರುತ್ತದೆ. ಗೊಬ್ಬರದ ಖಾಲಿ ಚೀಲಗಳಿಗೆ ಮರಳು ತುಂಬಿ ಎದೆಯೆತ್ತರ ಒಟ್ಟಿದ್ದೇನೆ. ಹರಿದ ಚೀಲಗಳನ್ನು ಆಗಾಗ ಬದಲಿಸುತ್ತೇನೆ. ಕಣ್ಣು ಕಾಯುವ ಕನ್ನಡಕ ಹಾಕದವರಿಗೆ ರೈಫಲ್ ಕೊಡುವುದಿಲ್ಲ.