ವಿಕಿಪೀಡಿಯದಲ್ಲಿ ನಿಮ್ಮ ತಿದ್ದುಪಡಿಯನ್ನು ಯಾರಾದರೂ ತೆಗೆದುಹಾಕಿದರೆ

ಮುಂಜಾನೆ ಸೇರಿಸಿದ ಸಾಲು ಮಧ್ಯಾಹ್ನದ ಹೊತ್ತಿಗೆ ಇಲ್ಲ. ಸಿಟ್ಟು ಬರುವುದು ಸಹಜ, ಆದರೆ ಮತ್ತೆ ಅದನ್ನೇ ಹಾಕಬೇಡಿ. ಜಗಳ ಶುರುವಾಗುವುದೇ ಎರಡನೆಯ ಸಲ ಹಾಕಿದಾಗ.

ಮೊದಲು ಪುಟದ ‘ಇತಿಹಾಸ’ ತೆರೆಯಿರಿ. ಯಾರು ತೆಗೆದರು, ಯಾವಾಗ ತೆಗೆದರು, ಬದಲಾವಣೆಯ ಜೊತೆ ಬರೆದ ಸಾರಾಂಶದಲ್ಲಿ ಏನು ಕಾರಣ ಕೊಟ್ಟರು ಎಂಬುದು ಅಲ್ಲಿರುತ್ತದೆ. ‘ಆಧಾರವಿಲ್ಲ’ ಎಂದಿದ್ದರೆ ಪುಸ್ತಕದ ಹೆಸರು, ಪುಟಸಂಖ್ಯೆ ಸಮೇತ ಉಲ್ಲೇಖ ಕೊಟ್ಟು ಸೇರಿಸಿ. ‘ನಮ್ಮೂರಿನ ವಿಷಯ, ನನಗೆ ಗೊತ್ತು’ ಎಂಬ ಮಾತು ಆಧಾರವಾಗುವುದಿಲ್ಲ.

ಬೇರೆ ಕಾರಣವಿದ್ದರೆ ಲೇಖನದ ‘ಚರ್ಚೆ’ ಪುಟಕ್ಕೆ ಹೋಗಿ. ಹೊಸ ಶೀರ್ಷಿಕೆಯಡಿ ನೀವು ಬಯಸುವ ವಾಕ್ಯವನ್ನು ಪೂರ್ತಿ ಬರೆದು, ಅದರ ಕೆಳಗೆ ಆಧಾರ ಕೊಡಿ. ತೆಗೆದವರ ಬಳಕೆದಾರ ಹೆಸರನ್ನು ಕೊಂಡಿಯಾಗಿಸಿದರೆ ಅವರಿಗೆ ಸೂಚನೆ ಹೋಗುತ್ತದೆ. ಕೊನೆಗೆ ನಾಲ್ಕು ಟಿಲ್ಡೆ (~~~~) ಹಾಕಿದರೆ ಸಹಿ, ಸಮಯ ತಾನೇ ಬರುತ್ತದೆ. ಸಹಿಯಿಲ್ಲದಿದ್ದರೆ ಸೂಚನೆ ತಲುಪುವುದಿಲ್ಲ. ವಾಕ್ಯದ ಬಗ್ಗೆ ಮಾತಾಡಿ, ವ್ಯಕ್ತಿಯ ಬಗ್ಗೆ ಬೇಡ.

ಹೆಚ್ಚಿನವರು ಎಡವುವುದು ಇಂಗ್ಲಿಷ್ ವಿಕಿಪೀಡಿಯದ ‘ಮೂರು ರಿವರ್ಟ್ ನಿಯಮ’ದಲ್ಲಿ. ರಿವರ್ಟ್ ಎಂದರೆ ಇನ್ನೊಬ್ಬರ ಬದಲಾವಣೆಯನ್ನು ರದ್ದು ಮಾಡುವುದು. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಒಬ್ಬರು ಮೂರಕ್ಕಿಂತ ಹೆಚ್ಚು ರಿವರ್ಟ್ ಮಾಡುವಂತಿಲ್ಲ. ಬೇರೆ ಬೇರೆ ಭಾಗಗಳಲ್ಲಿ ಮಾಡಿದ್ದೂ, ಅರ್ಧಂಬರ್ಧ ತೆಗೆದದ್ದೂ ಲೆಕ್ಕಕ್ಕೆ ಬರುತ್ತವೆ. ಮೂರು ಸಲ ಮಾಡಬಹುದು ಎಂಬ ಪರವಾನಗಿ ಇದಲ್ಲ: 25ನೇ ಗಂಟೆಗೆ ಕಾದು ನಾಲ್ಕನೆಯದನ್ನು ಮಾಡಿದವರನ್ನೂ ನಿರ್ವಾಹಕರು ತಡೆಹಿಡಿಯಬಹುದು. ‘ನಾನು ಬರೆದದ್ದೇ ಸರಿ’ ಎಂಬುದಕ್ಕೂ ವಿನಾಯಿತಿ ಇಲ್ಲ. ಸ್ಪಷ್ಟ ವಿಧ್ವಂಸ (ಬೇಕೆಂದೇ ಪುಟ ಹಾಳುಮಾಡುವುದು), ಕೃತಿಸ್ವಾಮ್ಯ ಉಲ್ಲಂಘನೆ, ಬದುಕಿರುವವರ ಬಗ್ಗೆ ಆಧಾರವಿಲ್ಲದ ಅಪವಾದ, ಇಂಥವನ್ನು ತೆಗೆಯುವುದಕ್ಕೆ ಇದೆ. ಭಿನ್ನಾಭಿಪ್ರಾಯವನ್ನೇ ವಿಧ್ವಂಸ ಎಂದು ಕರೆದರೆ ನಿಮ್ಮ ಪಕ್ಷವೇ ಸೋಲುತ್ತದೆ. ಗೊತ್ತಿಲ್ಲದೆ ಮಿತಿ ದಾಟಿದ್ದರೆ ನಿಮ್ಮ ಕೊನೆಯ ಬದಲಾವಣೆಯನ್ನು ನೀವೇ ಹಿಂತೆಗೆಯಿರಿ. ಇನ್ನೊಂದು ಖಾತೆ ತೆರೆದು ಮುಂದುವರಿಸುವುದು ಇವೆಲ್ಲಕ್ಕಿಂತ ದೊಡ್ಡ ತಪ್ಪು.

ಚರ್ಚೆ ಇಬ್ಬರ ನಡುವೆಯೇ ನಿಂತುಬಿಟ್ಟರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊರಗಿನ ಒಬ್ಬ ಸಂಪಾದಕರ ‘ಮೂರನೆಯ ಅಭಿಪ್ರಾಯ’ ಕೇಳಬಹುದು. ಹೆಚ್ಚು ಜನರಿದ್ದರೆ ಇತರ ಸಂಪಾದಕರನ್ನೆಲ್ಲ ಕರೆಯುವ ಸಾರ್ವಜನಿಕ ಅಭಿಪ್ರಾಯಕ್ಕೆ (RfC) ಹಾಕಿ. ಅದು ಸಾಮಾನ್ಯವಾಗಿ 30 ದಿನ ತೆರೆದಿರುತ್ತದೆ. ಮೊಸರಿನ ಲೇಖನದ ಇಂಗ್ಲಿಷ್ ಹೆಸರಿನಲ್ಲಿ (Yogurt/Yoghurt) ‘ಎಚ್’ ಅಕ್ಷರ ಇರಬೇಕೇ ಬೇಡವೇ ಎಂಬ ವಾದ ವರ್ಷಗಟ್ಟಲೆ ನಡೆದು 2011ರಲ್ಲಿ ತೀರ್ಮಾನವಾಯಿತು. ಆದ್ದರಿಂದ ಒಂದು ವಾರ ಕಾಯುವುದು ಹೆಚ್ಚಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಕಡಿಮೆ, ಉತ್ತರ ತಡವಾಗಬಹುದು. ಚರ್ಚೆ ಪುಟದಲ್ಲಿ ಯಾರೂ ಬಾರದಿದ್ದರೆ ಎಲ್ಲರೂ ಸೇರುವ ಸಾಮಾನ್ಯ ಚರ್ಚೆಯ ಪುಟ ‘ಅರಳಿ ಕಟ್ಟೆ’ಯಲ್ಲಿ ಕೊಂಡಿ ಸಮೇತ ಕೇಳಿ. ಈ ನಡುವೆ ನಿರ್ವಾಹಕರು ಪುಟಕ್ಕೆ ಬೀಗ ಹಾಕಿದರೆ, ನಿಮಗೊಪ್ಪದ ಆವೃತ್ತಿಯೇ ಅಲ್ಲಿ ಉಳಿದಿರಬಹುದು. ಬೀಗ ಜಗಳ ನಿಲ್ಲಿಸಲು ಹಾಕಿದ್ದು, ಆ ಆವೃತ್ತಿಯನ್ನು ಒಪ್ಪಿ ಹಾಕಿದ್ದಲ್ಲ.