ಶಾಕ್ ಬದಲಾಯಿಸುವ ಮೊದಲು ಒಂದು ಟೇಪು, ಸ್ವಲ್ಪ ಸೋಪುನೀರು

ಮಳೆಗಾಲ ಮುಗಿಯುವ ಹೊತ್ತಿಗೆ ಕಾಸರಗೋಡಿನ ಪೆರ್ಲದಿಂದ ಭಾವ ಫೋನ್ ಮಾಡಿದರು. "ಎಂತ ಮಾರಾಯ, ರಾತ್ರಿ ಗಾಳಿ ಹಾಕಿಟ್ಟ ಬೈಕು ಬೆಳಿಗ್ಗೆ ಹತ್ತಿ ಕೂತ್ರೆ ದೊಪ್ಪ ಇಳೀತದೆ. ಶಾಕೇ ಹೋಗಿದೆ ಅಂತಾರೆ."

ಅವರದ್ದು ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕು. ತೂಕ 350 ಕಿಲೋಗಿಂತ ಜಾಸ್ತಿ. ಹಿಂದಿನ ಎರಡೂ ಶಾಕ್‌ಗಳ (ಗುಂಡಿಯ ಪೆಟ್ಟು ತಡೆಯುವ ಶಾಕ್ ಅಬ್ಸಾರ್ಬರ್) ಒಳಗೆ ಎಣ್ಣೆಯ ಜೊತೆ ಗಾಳಿಯೂ ಇರುತ್ತದೆ. ಸಣ್ಣ ನೈಲಾನ್ ಟ್ಯೂಬು ಎರಡನ್ನೂ ಸೇರಿಸಿ ಒಂದು ವಾಲ್ವ್‌ಗೆ ತಂದು ಬಿಡುತ್ತದೆ. ಒಬ್ಬರೇ ಹೋಗುವಾಗ ಗಾಳಿ ಕಡಿಮೆ, ಹಿಂದೆ ಇನ್ನೊಬ್ಬರು ಮತ್ತು ಲಗೇಜು ಇದ್ದರೆ ಜಾಸ್ತಿ. ವ್ಯವಸ್ಥೆ ಅಷ್ಟೇ.

ಗಾಳಿ ಇಳಿದದ್ದು ಗೊತ್ತಾಗುವುದು ಹೇಗೆ? ಚೆರ್ಕಳ–ಜಾಲ್ಸೂರು ರಸ್ತೆಯ ಗುಂಡಿಯಲ್ಲಿ ಹಿಂದಿನಿಂದ 'ಧಡ್' ಅಂತ ಲೋಹದ ಪೆಟ್ಟು ಕೇಳುತ್ತದೆ. ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ತೆಂಗಿನ ಮರದ ತಲೆ ನೋಡುತ್ತದೆ. ಇನ್ನೊಂದು ಗುರುತು ಬಹಳ ಜನ ಗಮನಿಸುವುದಿಲ್ಲ: ಹಿಂಭಾಗ ತಗ್ಗಿದರೆ ಸೈಡ್ ಸ್ಟ್ಯಾಂಡಿನಲ್ಲಿ ಬೈಕು ಮೊದಲಿಗಿಂತ ನೆಟ್ಟಗೆ ನಿಲ್ಲುತ್ತದೆ. ಆಗ ಆಚೆ ಕಡೆ ಮಗುಚುವ ಭಯ. ಅಂಗಳ ಇಳಿಜಾರಾಗಿದ್ದರೆ ಜೋಕೆ.

ಗೇಜನ್ನು ನಂಬಬೇಡಿ

ಭಾವ ದಿನಾ ಬೆಳಿಗ್ಗೆ ಗಾಳಿ ಅಳೆಯುವ ಗೇಜು ಒತ್ತಿ ನೋಡುತ್ತಿದ್ದರು. ದಿನಾ ನಾಲ್ಕೈದು ಪೌಂಡ್ ಕಡಿಮೆ. ಅದರಲ್ಲಿ ಒಂದು ಪಾಲನ್ನು ತಿಂದದ್ದು ಗೇಜೇ! ಟೈರಿನಲ್ಲಿ ಗಾಳಿಗೆ ಬೇಕಾದಷ್ಟು ಜಾಗ ಇದೆ, ಶಾಕಿನಲ್ಲಿ ಇರುವುದು ಚೂರೇ ಚೂರು. ಗೇಜು ಚುಚ್ಚಿದಾಗ ಅದರ ಪೈಪಿಗೆ ಹೋಗುವ, ಬಾಯಲ್ಲಿ 'ಪುಸ್' ಅನ್ನುವ ಅಷ್ಟೇ ಗಾಳಿಗೂ ಮುಳ್ಳು ಇಳಿಯುತ್ತದೆ. ಇನ್ನು ತಂಪು ಬೇರೆ. ಮಧ್ಯಾಹ್ನ 25 ಪೌಂಡ್ ಇದ್ದದ್ದು, ಶಾಕ್ 10 ಡಿಗ್ರಿ ತಣ್ಣಗಾದರೆ ಸುಮ್ನೆ ನಿಂತಲ್ಲೇ ಒಂದು ಪೌಂಡಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ. ಅದು ಲೀಕ್ ಅಲ್ಲ.

ಹಾಗಾಗಿ ಅಳತೆಯ ಟೇಪು ಹಿಡಿಯಿರಿ. ಸಮತಟ್ಟು ಜಾಗದಲ್ಲಿ ಬೈಕು ನೆಟ್ಟಗೆ ನಿಲ್ಲಲಿ. ಒಬ್ಬರು ಮೇಲೆ ಕೂರಲಿ, ಪ್ರತಿ ಸಲವೂ ಅವರೇ. ಖಾಲಿ ಬೈಕನ್ನು ಅಳೆದರೆ ಪ್ರಯೋಜನ ಇಲ್ಲ, ಒಳಗಿನ ಸ್ಪ್ರಿಂಗೇ ಎತ್ತಿ ಹಿಡಿದು ಮೋಸ ಮಾಡೀತು. ಹಿಂಭಾಗವನ್ನು ಎರಡು ಸಲ ಕುಲುಕಿ. ಹಿಂದಿನ ಚಕ್ರದ ಆಕ್ಸಲ್ ನಡುವಿನಿಂದ ಅದರ ನೇರ ಮೇಲೆ ಫ್ರೇಮಿನಲ್ಲಿ ಮಾಡಿದ ಒಂದು ಗುರುತಿನವರೆಗೆ ಅಳೆದು ಬರೆದಿಡಿ. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಗೇಜು ಮುಟ್ಟುವುದೇ ಬೇಡ. ಭಾವನ ಬೈಕು ಒಂದು ದಿನಕ್ಕೆ 14 ಮಿಲಿಮೀಟರ್ ಇಳಿದಿತ್ತು. ಅಂದರೆ ಲೀಕ್ ಖಂಡಿತ.

ಗುಳ್ಳೆ ಎಲ್ಲಿ?

ಪಾತ್ರೆ ತೊಳೆಯುವ ಸೋಪನ್ನು ನೀರಲ್ಲಿ ಕಲಸಿ ಬ್ರಷ್ಷಿನಿಂದ ಹಚ್ಚಿ. ಭಾವ ತೋಟದ ಸ್ಪ್ರೇಯರ್ ತಂದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದ ಸ್ಪ್ರೇಯರ್! ಅದರಲ್ಲಿ ಉಳಿದ ಮೈಲುತುತ್ತು ಅಲ್ಯುಮಿನಿಯಂ ತಿನ್ನುತ್ತದೆ. ವಾಪಸ್ ಕಳಿಸಿದೆ.

ಮೊದಲು ವಾಲ್ವಿನ ಬಾಯಿ. ಟೈರಿನ ಟ್ಯೂಬಿಗೆ ಹಾಕುವಂಥದ್ದೇ ಪಿನ್ ಇರುತ್ತದೆ. ಗುಳ್ಳೆ ಬಂದರೆ ಪಿನ್ ಸ್ವಲ್ಪ ಬಿಗಿ ಮಾಡಿ, ನಿಲ್ಲದಿದ್ದರೆ ಬದಲಾಯಿಸಿ. ಪಿನ್ ಬಿಚ್ಚುವ ಮೊದಲು ಗಾಳಿ ಪೂರ್ತಿ ತೆಗೆಯಬೇಕು. ವಾಲ್ವಿಗೆ ಬಟ್ಟೆ ಸುತ್ತಿ ನಿಧಾನಕ್ಕೆ ಒತ್ತಿ. ಗಾಳಿಯ ಜೊತೆ ಎಣ್ಣೆ ಚಿಮ್ಮುವುದುಂಟು. ಅದು ಹಿಂದಿನ ಟೈರಿಗೋ ಡಿಸ್ಕಿಗೋ ಬಿದ್ದರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ಆಮೇಲೆ ಟ್ಯೂಬಿನ ಜೋಡಣೆಗಳು. ಇಲ್ಲಿ ಅವಸರ ಬೇಡ. ಸಣ್ಣ ಲೀಕ್ ತಕ್ಷಣ ಗುಳ್ಳೆ ಕೊಡುವುದಿಲ್ಲ, ಐದು ನಿಮಿಷ ಬಿಟ್ಟರೆ ಸಾಸಿವೆ ಗಾತ್ರದ ನೊರೆ ಕಟ್ಟುತ್ತದೆ. ನಮಗೆ ಸಿಕ್ಕಿದ್ದೂ ಹಾಗೇ, ಎಡಗಡೆಯ ಶಾಕಿಗೆ ಟ್ಯೂಬು ಸೇರುವಲ್ಲಿ. ಗಾಳಿ ಬಿಟ್ಟು, ಜೋಡಣೆಯ ಬಳೆಯನ್ನು ಒಳಕ್ಕೆ ಒತ್ತಿ ಹಿಡಿದು ಎಳೆದಾಗ ಟ್ಯೂಬು ಹೊರಬಂತು. ತುದಿಯಲ್ಲಿ ಉದ್ದಕ್ಕೆ ಕೂದಲೆಳೆಯಂಥ ಗೀರು. ಹೊಸ ಬ್ಲೇಡಿನಿಂದ ಆರೇಳು ಮಿಲಿಮೀಟರ್ ನೇರ ಕತ್ತರಿಸಿ, ಮರಳು ಒರೆಸಿ, ತಾಗುವವರೆಗೆ ಒತ್ತಿದೆ. ಕತ್ತರಿ ಬಳಸಬೇಡಿ, ಟ್ಯೂಬು ಚಪ್ಪಟೆಯಾಗುತ್ತದೆ.

ಹೊರಗೆ ಎಲ್ಲೂ ಗುಳ್ಳೆ ಇಲ್ಲ, ಆದರೆ ಶಾಕಿನ ಸರಳಿನಲ್ಲಿ ಎಣ್ಣೆ ಜಿನುಗಿ ಧೂಳು ಅಂಟಿದೆ ಅಂದರೆ ಎಣ್ಣೆ ತಡೆಯುವ ಸೀಲ್ ಹೋಗಿದೆ. ಅದು ಅಂಗಳದ ಕೆಲಸ ಅಲ್ಲ. ಗಾಳಿ ತುಂಬಿರುವಾಗ ಶಾಕಿನ ಬೋಲ್ಟಿಗೆ ಕೈ ಹಾಕಲೇಬೇಡಿ.

ಕಂಪ್ರೆಸರ್ ಇರುವ ಬೈಕುಗಳು

1988ರಿಂದ 2000ದವರೆಗೆ ಬಂದ ಹೋಂಡಾ ಗೋಲ್ಡ್‌ವಿಂಗ್ 1500ರಂಥ ಬೈಕುಗಳಲ್ಲಿ ಸ್ವಿಚ್ ಒತ್ತಿದರೆ ಸಾಕು, ಒಳಗಿನ ಕಂಪ್ರೆಸರೇ ಗಾಳಿ ಹಾಕುತ್ತದೆ. ಸದ್ದೇ ಇಲ್ಲವೇ? ಫ್ಯೂಸು, ರಿಲೇ, ವೈರಿನ ಪ್ಲಗ್ಗು ನೋಡಿ. ಕುಂಬಳೆ, ಮಂಜೇಶ್ವರದ ಕಡಲ ಗಾಳಿಗೆ ಪ್ಲಗ್ಗಿನೊಳಗೆ ಹಸಿರು ಕಿಲುಬು ಕಟ್ಟುವುದು ಮಾಮೂಲಿ. ಸದ್ದು ಬರುತ್ತದೆ, ಮುಳ್ಳು ಏರುತ್ತಿಲ್ಲ ಎಂದಾದರೆ ಮತ್ತೆ ಸೋಪುನೀರೇ. ಏರಲಿ ಅಂತ ಸ್ವಿಚ್ ಒತ್ತಿಯೇ ಹಿಡಿದರೆ ಮೋಟಾರ್ ಸುಟ್ಟೀತು.

ಉಳಿದವರು ಗಾಳಿ ಹಾಕಲು ಬಂಕಿಗೆ ಹೋಗಬೇಡಿ. ಆ ಪೈಪು ಒಂದು ಕ್ಷಣಕ್ಕೆ ಮಿತಿ ದಾಟಿಸಿ ಸೀಲ್ ಹಾಳು ಮಾಡುತ್ತದೆ. ಸೈಕಲ್ ಅಂಗಡಿಯವರು ಗುಡ್ಡ ಹತ್ತುವ ಸೈಕಲಿಗೆಂದು ಇಡುವ ಕೈಯ ಶಾಕ್ ಪಂಪು ಸಾಕು. ಎಷ್ಟು ಪೌಂಡ್ ಎನ್ನುವುದನ್ನು ನಿಮ್ಮ ಬೈಕಿನ ಪುಸ್ತಕದಲ್ಲೇ ನೋಡಿ. ಟೈರಿನ ಲೆಕ್ಕ ಇಲ್ಲಿಗೆ ತರಬೇಡಿ.

ಮೂರು ಬೆಳಿಗ್ಗೆ ಅಳೆದೆವು. ಮೂರೂ ದಿನ ಒಂದೇ ಅಳತೆ. ನಾಲ್ಕನೇ ದಿನ ಭಾವ ಅಕ್ಕನನ್ನು ಕೂರಿಸಿಕೊಂಡು ಬೇಕಲಕ್ಕೆ ಹೋಗಿ ಬಂದರು. ನನ್ನ ಟೇಪು ಮಾತ್ರ ಇನ್ನೂ ಅವರ ಸೈಡ್ ಬಾಕ್ಸಿನಲ್ಲೇ ಇದೆ.