ಐಎಲ್-1 ಮೃದ್ವಸ್ಥಿಯನ್ನು ಸವೆಸುವುದನ್ನು ಅಳೆಯುವ ಬಗೆ

ಕೀಲಿನ ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-1 (ಐಎಲ್-1) ಎಂಬ ಸಂಕೇತ ಪ್ರೋಟೀನ್ ತಾನೇ ಮೃದ್ವಸ್ಥಿಯನ್ನು ಕರಗಿಸುವುದಿಲ್ಲ. ಅದು ಸಂಕೇತ ಕೊಡುತ್ತದೆ ಅಷ್ಟೇ. ಕಿಣ್ವ ಹೊರಬಿಟ್ಟು ತಮ್ಮ ಸುತ್ತಲಿನ ಹಂದರವನ್ನು ಕತ್ತರಿಸುವುದು ಮೃದ್ವಸ್ಥಿಯ ಜೀವಕೋಶಗಳೇ. 1977ರಲ್ಲಿ ಕೇಂಬ್ರಿಜ್‌ನ ಸಂಶೋಧಕರಾದ ಫೆಲ್ ಮತ್ತು ಜಬ್ ಇದರ ಸುಳಿವು ಕೊಟ್ಟರು: ಕೀಲಿನ ಒಳಪೊರೆಯನ್ನು ತಾಗಿಸದೆ ದೂರವಿಟ್ಟರೂ ಹಂದಿಯ ಜೀವಂತ ಮೃದ್ವಸ್ಥಿ ಸವೆಯಿತು, ಸತ್ತದ್ದು ಸವೆಯಲಿಲ್ಲ. ಹಾಗಾಗಿ ನಿಮ್ಮ ಪ್ರಯೋಗದಲ್ಲೂ ಸತ್ತ ತುಂಡುಗಳು ಇರಲೇಬೇಕು.

ಅದೇ ದಿನ ಕಡಿದ ಹಂದಿಯ ಕಾಲು ತನ್ನಿ. ಕುದಿನೀರಿಗೆ ಅದ್ದಿದ್ದು ಬೇಡ. ಚರ್ಮವನ್ನು 70% ಎಥನಾಲ್‌ನಿಂದ ಒರೆಸಿ, ಕೀಲು ಬಿಡಿಸಿ, 3 ಮಿ.ಮೀ. ಬಯಾಪ್ಸಿ ಪಂಚ್‌ನಿಂದ ಬಿಲ್ಲೆ ತೆಗೆಯಿರಿ. ಕೆಳಗಿನ ಮೂಳೆ ಸೇರಿದರೆ ಮಜ್ಜೆಯ ಕೋಶಗಳೂ ಬರುತ್ತವೆ, ಆಗ ಯಾರ ಕೆಲಸ ಯಾವುದೆಂದು ತಿಳಿಯದು. ಕೀಲಿನ ಒಂದೊಂದು ಭಾಗದಲ್ಲಿ ದಪ್ಪ ಒಂದೊಂದು ತರ, ಆದ್ದರಿಂದ ಎಲ್ಲ ಬಿಲ್ಲೆಗಳನ್ನೂ ಕಲೆಸಿ, ತೂಕ ಬರೆದುಕೊಂಡು, ಗುಂಪಿಗೆ 6ರಂತೆ ಹಂಚಿ.

24 ಬಾವಿಯ (ಗುಳಿಯ) ತಟ್ಟೆಯಲ್ಲಿ ಬಾವಿಗೊಂದು ಬಿಲ್ಲೆ, ಸೀರಂ ಇಲ್ಲದ ಡಿಎಂಇಎಂ (ಕೋಶಗಳನ್ನು ಪೋಷಿಸುವ) ದ್ರಾವಣ 500 ಮೈಕ್ರೋಲೀಟರ್, ಜೊತೆಗೆ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್. ಸೀರಂನಲ್ಲಿರುವ ಆಲ್ಫಾ-2-ಮ್ಯಾಕ್ರೊಗ್ಲಾಬ್ಯುಲಿನ್ ಕಿಣ್ವಗಳನ್ನು ಹಿಡಿದುಹಾಕುತ್ತದೆ. 37 ಡಿಗ್ರಿ, 5% ಇಂಗಾಲದ ಡೈಆಕ್ಸೈಡ್‌ನಲ್ಲಿ 48 ಗಂಟೆ ಸುಮ್ಮನೆ ಬಿಡಿ. ಕತ್ತರಿಸಿದ ಗಾಯದಿಂದ ಮೊದಲೆರಡು ದಿನ ಸೋರುವುದನ್ನು ಐಎಲ್-1ರ ಲೆಕ್ಕಕ್ಕೆ ಸೇರಿಸಬಾರದು.

ನಂತರ ದ್ರಾವಣ ಬದಲಿಸಿ ಐಎಲ್-1ಬೀಟಾ (ಐಎಲ್-1ರ ಒಂದು ರೂಪ) ಮಿ.ಲೀ.ಗೆ 10 ನ್ಯಾನೋಗ್ರಾಂ ಹಾಕಿ. ಪ್ರೋಟೀನನ್ನು 0.1% ಬಿಎಸ್‌ಎ (ಹಸುವಿನ ಸೀರಂನ ಆಲ್ಬುಮಿನ್ ಪ್ರೋಟೀನ್) ಇರುವ ಬಫರ್‌ನಲ್ಲೇ ಕರಗಿಸಿ, ಇಲ್ಲವಾದರೆ ಅದು ಪ್ಲಾಸ್ಟಿಕ್‌ಗೆ ಅಂಟಿಕೊಂಡು ಪ್ರಮಾಣ ಕುಸಿಯುತ್ತದೆ. ಹೋಲಿಕೆಗೆ ಮೂರು ಗುಂಪು ಬೇಕು: ಬರಿಯ ಬಫರ್; ಮೂರು ಸಲ ಹೆಪ್ಪುಗಟ್ಟಿಸಿ ಕರಗಿಸಿ ಸಾಯಿಸಿದ ಬಿಲ್ಲೆಗೆ ಐಎಲ್-1; ಜೀವಂತ ಬಿಲ್ಲೆಗೆ ಐಎಲ್-1ರ ಜೊತೆಗೆ ಅದರ ಗ್ರಾಹಕ ತಡೆಯುವ ಅನಾಕಿನ್ರಾ, ಐಎಲ್-1ರ 100 ಪಟ್ಟು. ಅನಾಕಿನ್ರಾ ಹಾಕಿದರೂ ಸವೆತ ನಿಲ್ಲದಿದ್ದರೆ ಮೊದಲು ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ಮೇಲೆ ಅನುಮಾನಪಡಿ. ಅದೂ ಇದೇ ಬಗೆಯ ಸವೆತ ತರುತ್ತದೆ.

ಐಎಲ್-1 ಹಾಕಿದ ಮೇಲೆ 2 ಮತ್ತು 4ನೇ ದಿನ ದ್ರಾವಣ ತೆಗೆದಿಡಿ. ಉಳಿದ ಬಿಲ್ಲೆಯನ್ನು ಪಪೇನ್ ಕಿಣ್ವದಲ್ಲಿ 65 ಡಿಗ್ರಿಯಲ್ಲಿ ರಾತ್ರಿಯಿಡೀ ಜೀರ್ಣಿಸಿ. ಅಳೆಯಲು ಬಳಸುವುದು ಡಿಎಂಎಂಬಿ ಬಣ್ಣ; ಅದು ಮೃದ್ವಸ್ಥಿಯ ಹಂದರದಲ್ಲಿರುವ ಅಗ್ರಿಕ್ಯಾನ್ ಪ್ರೋಟೀನಿನ ಸಲ್ಫೇಟುಳ್ಳ ಸಕ್ಕರೆ ಸರಪಳಿಗಳಿಗೆ ಅಂಟುತ್ತದೆ. ಅದಕ್ಕೆ ಲೀಟರಿಗೆ ಡಿಎಂಎಂಬಿ 16 ಮಿ.ಗ್ರಾಂ, ಗ್ಲೈಸಿನ್ 3.04 ಗ್ರಾಂ, ಉಪ್ಪು 2.37 ಗ್ರಾಂ, ಪಿಎಚ್ 3. ಮಾದರಿ 40 ಮೈಕ್ರೋಲೀಟರ್‌ಗೆ ಬಣ್ಣ 250 ಸೇರಿಸಿ 525 ನ್ಯಾನೋಮೀಟರ್‌ನಲ್ಲಿ ಆಗಿಂದಾಗ್ಗೆ ಓದಿ. ತಡಮಾಡಿದರೆ ಬಣ್ಣ ಗಸಿಯಾಗಿ ಕೆಳಗಿಳಿಯುತ್ತದೆ. ಅಂಥದೇ ಸರಪಳಿಯಾದ ಕಾಂಡ್ರಾಯ್ಟಿನ್ ಸಲ್ಫೇಟ್ ಮಾನಕದ ಅಂಚು ದಾಟುವ ಮಾದರಿಗಳನ್ನು ತೆಳುಗೊಳಿಸಿ. ದ್ರಾವಣಕ್ಕೆ ಹೊರಬಂದದ್ದನ್ನು, ದ್ರಾವಣ ಮತ್ತು ಬಿಲ್ಲೆ ಎರಡರ ಒಟ್ಟು ಮೊತ್ತದ ಶೇಕಡಾವಾರಾಗಿ ಬರೆಯಿರಿ.

ಈ ಸಂಖ್ಯೆ ಹೇಳುವುದು ಅಗ್ರಿಕ್ಯಾನ್ ನಷ್ಟವನ್ನು ಮಾತ್ರ. ಅದನ್ನು ಎಡಿಎಎಂಟಿಎಸ್-4, 5 ಕಿಣ್ವಗಳು ಕೆಲವೇ ದಿನಗಳಲ್ಲಿ ಕತ್ತರಿಸುತ್ತವೆ, ಸಂಕೇತ ನಿಂತರೆ ಕೋಶಗಳು ಮತ್ತೆ ತುಂಬಿಕೊಳ್ಳಬಲ್ಲವು. ಮರಳಿ ಬಾರದ ಹಾನಿ ಕೊಲಾಜೆನ್‌ನದು. ಎಂಎಂಪಿ-13ರಂಥ ಕಿಣ್ವಗಳು ಅದನ್ನು ಕತ್ತರಿಸಲು ವಾರಗಳು ಬೇಕು, ಬಹಳ ಸಲ ಆಂಕೊಸ್ಟ್ಯಾಟಿನ್ ಎಂ ಎಂಬ ಇನ್ನೊಂದು ಸಂಕೇತ ಪ್ರೋಟೀನ್ ಐಎಲ್-1ರ ಜೊತೆಗೂಡಬೇಕು. ಅದನ್ನು ತೋರಿಸಬೇಕಿದ್ದರೆ 3-4 ವಾರ ಓಡಿಸಿ, ದ್ರಾವಣದಲ್ಲಿ ಹೈಡ್ರಾಕ್ಸಿಪ್ರೋಲಿನ್ (ಕೊಲಾಜೆನ್‌ನಲ್ಲಿ ಹೇರಳವಾಗಿರುವ ಅಮೈನೋ ಆಮ್ಲ) ಅಳೆಯಿರಿ.